ಕುಂಕುಮಕ್ಕೆ ಮೊದಲು ಎಣ್ಣೆ

ಮಹಾನವಮಿಯ ದಿನ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಪೂಜೆ ಕಾಣದ ಕಬ್ಬಿಣ ಸಿಗುವುದು ಕಷ್ಟ. ಲಾರಿ, ಟ್ರ್ಯಾಕ್ಟರು, ಎಣ್ಣೆ ಮಿಲ್ಲಿನ ಯಂತ್ರ, ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆ, ಹಿತ್ತಲ ಮೂಲೆಯಲ್ಲಿ ವರ್ಷವಿಡೀ ಒರಗಿ ನಿಂತಿದ್ದ ಗುದ್ದಲಿ, ಸನಿಕೆ, ಮಚ್ಚು, ಕುಡುಗೋಲು ಎಲ್ಲವೂ ಅಂದು ಮೈತೊಳೆದುಕೊಂಡು ವಿಭೂತಿ, ಕುಂಕುಮ, ಚೆಂಡುಹೂವು ಧರಿಸಿ ಕೂರುತ್ತವೆ. ಬೂದುಗುಂಬಳ ಒಡೆಯುತ್ತದೆ, ನಿಂಬೆಹಣ್ಣು ಗಾಲಿಯಡಿ ಸಿಕ್ಕಿ ಅಪ್ಪಚ್ಚಿಯಾಗುತ್ತದೆ. ಮರುದಿನ ಬನ್ನಿಯ ಸಡಗರ. ಅದು ಮುಗಿದ ಮೇಲೆ ಗುದ್ದಲಿ ಮತ್ತೆ ಮೂಲೆಗೆ. ಈ ಆಚರಣೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ, ಭಾವುಕವಾಗಿ ಕೊಂಡಾಡುವುದು ಇನ್ನೂ ಸುಲಭ. ಎರಡನ್ನೂ ಬಿಟ್ಟು ಕೇಳಬೇಕಾದ ಪ್ರಶ್ನೆಯೊಂದಿದೆ. ನಮಗಾಗಿ ದುಡಿಯುವ ವಸ್ತುವಿಗೆ ನಾವು ಸಲ್ಲಿಸಬೇಕಾದ ಋಣವೇನಾದರೂ ಇದೆಯೆ? ಇದ್ದರೆ ಅದು ಪೂಜೆಯಿಂದ ತೀರುತ್ತದೆಯೆ? ಹತಾರವನ್ನು ದಿನದಿನವೂ ಹದವಾಗಿಟ್ಟುಕೊಳ್ಳುವುದೇ ಧರ್ಮ ಎಂದೂ, ಆಯುಧಪೂಜೆ ಆ ಧರ್ಮದ ವರ್ಷದ ಲೆಕ್ಕ ಒಪ್ಪಿಸುವ ದಿನವಾಗಬಲ್ಲುದೇ ಹೊರತು ಅದರ ಜಾಗದಲ್ಲಿ ಕೂರಲಾರದು ಎಂದೂ ನಾನು ನಂಬುತ್ತೇನೆ. ಇದಕ್ಕೆ ಬೇಕಾದ ಸಾಕ್ಷ್ಯ ಇದೇ ಸೀಮೆಯ ನಾಯಕನಹಟ್ಟಿಯ ಸುತ್ತಮುತ್ತಲೇ ಬೇಕಾದಷ್ಟಿದೆ.

ಮೊದಲು ಕಬ್ಬಿಣದ ಮಾತು ಕೇಳೋಣ. ತುಕ್ಕು ಹಿಡಿಯಲು ನೀರು ಬೇಕು, ಗಾಳಿಯಲ್ಲಿನ ಆಮ್ಲಜನಕ ಬೇಕು. ಜೊತೆಗೆ ಉಪ್ಪು ಸೇರಿದರೆ ಕೆಲಸ ಬೇಗ ನಡೆಯುತ್ತದೆ. ಕೈಬೆವರಿನಲ್ಲಿ ಉಪ್ಪಿದೆ, ಒದ್ದೆ ಮಣ್ಣಿನಲ್ಲಿ ನೀರಿದೆ. ಹೀಗಾಗಿ ಸಂಜೆ ಕೆಲಸ ಬಿಟ್ಟಾಗ ಗುದ್ದಲಿಗೆ ಮೆತ್ತಿದ ಮಣ್ಣನ್ನು ಕೆರೆದು, ಬಟ್ಟೆಯಲ್ಲಿ ಒರೆಸಿ, ಒಂದು ಹನಿ ಎಣ್ಣೆ ಸವರಿದರೆ ಅರ್ಧ ರಕ್ಷಣೆ ಮುಗಿಯಿತು. ಯಾವ ಎಣ್ಣೆ ಎಂಬುದನ್ನು ಎಣ್ಣೆಗೇ ಹೆಸರಾದ ಚಳ್ಳಕೆರೆಯ ನೆರೆಯವರು ಬಲ್ಲರು: ಹರಳೆಣ್ಣೆ ಒಣಗದೆ ಜಿಡ್ಡಾಗಿಯೇ ಉಳಿದು ಅಲಗನ್ನು ಕಾಯುತ್ತದೆ, ಅಗಸೆ ಎಣ್ಣೆ ಮರದೊಳಗೆ ಇಳಿದು ಗಾಳಿಗೆ ಗಟ್ಟಿಯಾಗಿ ಕಾವನ್ನು ಕಾಯುತ್ತದೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ ಕಾಣುವ ಈ ಒಣ ಸೀಮೆಯಲ್ಲಿ ಮಲೆನಾಡಿನಷ್ಟು ತುಕ್ಕಿನ ಕಾಟವಿಲ್ಲ. ಇಲ್ಲಿ ಹೆಚ್ಚು ನರಳುವುದು ಮರ. ಬೇಸಿಗೆಯ ಬಿಸಿಲಿಗೆ ಜಾಲಿ ಕಾವು ಕುಗ್ಗುತ್ತದೆ, ಬೆಣೆ ಸಡಿಲವಾಗುತ್ತದೆ, ಗುದ್ದಲಿಯ ತಲೆ ಅಲ್ಲಾಡತೊಡಗುತ್ತದೆ. ಹೆಚ್ಚಿನವರು ಅದನ್ನು ರಾತ್ರಿ ನೀರಿನ ತೊಟ್ಟಿಯಲ್ಲಿ ಅದ್ದಿಡುತ್ತಾರೆ. ಬೆಳಗ್ಗೆ ಮರ ಉಬ್ಬಿ ಬಿಗಿಯಾಗಿರುತ್ತದೆ, ನಿಜ. ಆದರೆ ಕಬ್ಬಿಣದ ಕಣ್ಣಿನೊಳಗೆ ಉಬ್ಬಲು ಜಾಗವಿಲ್ಲದೆ ನಾರು ಜಜ್ಜಿಹೋಗುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲ. ಹೊಸ ಬೆಣೆ ಹೊಡೆದು ಎಣ್ಣೆ ಕುಡಿಸುವುದೇ ಸರಿಯಾದ ಮದ್ದು, ಅದಕ್ಕೆ ಅರ್ಧ ಗಂಟೆಯ ತಾಳ್ಮೆ ಬೇಕು. ವರ್ಷಕ್ಕೊಮ್ಮೆ ನೀರು ತೋರಿಸಿ ಕುಂಕುಮ ಇಡುವ ಉಪಚಾರವೂ ಹೀಗೆಯೇ ಆ ಹೊತ್ತಿಗೆ ಬಿಗಿಯಾಗಿ ಕಾಣುತ್ತದೆ. ಇನ್ನೂ ಕಠಿಣವಾಗಿ ಹೇಳಬೇಕೆಂದರೆ, ಅಲಗಿನ ಮೇಲೆ ಒದ್ದೆಯಾಗಿ ಎಳೆದ ವಿಭೂತಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಂಬೆಯ ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಒರೆಸದೆ ಬಿಟ್ಟರೆ ಪೂಜೆಯ ಗುರುತಿನ ಕೆಳಗೇ ತುಕ್ಕು ಹುಟ್ಟುತ್ತದೆ. ಪೂಜಿಸಿದವನಿಗೆ ಆ ಕಬ್ಬಿಣದ ಸ್ವಭಾವ ತಿಳಿದಿರದಿದ್ದರೆ ಅವನು ಪೂಜಿಸಿದ್ದು ಏನನ್ನು?

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ನೆನಪು ಇಲ್ಲಿ ತಾನಾಗಿ ಬರುತ್ತದೆ. ಪಂಚಗಣಾಧೀಶರಲ್ಲಿ ಒಬ್ಬರೆಂದು ಜನ ಎಣಿಸುವ ಈ ಅವಧೂತರು ಈ ಬರದ ನೆಲದಲ್ಲಿ ಐದು ಕೆರೆ ಕಟ್ಟಿಸಿದರೆಂಬುದು ಪ್ರತೀತಿ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ನಾಯಕನಹಟ್ಟಿಯ ಒಳಮಠ, ಹೊರಮಠಗಳಿಂದ ಹಿಡಿದು ಲಾರಿಗಳ ಹಣೆಯವರೆಗೆ ಎಲ್ಲೆಲ್ಲೂ ಕಾಣುತ್ತದೆ. ಕೆರೆಗೆ ಮಣ್ಣು ಹೊತ್ತವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ಸಿಗುತ್ತಿತ್ತೆಂಬ ಕಥೆಯೊಡನೆ ಅದನ್ನು ಹೇಳುವುದು ರೂಢಿ. ಆ ಮಾತನ್ನು ಕೂಲಿಯ ನ್ಯಾಯವಾಗಿ ಓದಿದರೆ ಅರ್ಥ ಅರ್ಧಕ್ಕೇ ನಿಲ್ಲುತ್ತದೆ ಎಂದು ನನ್ನ ಅನಿಸಿಕೆ. ದೇವರನ್ನು ಕೇಳುವ ಮುನ್ನ ನೀನು ಏನು ಮಾಡಿದ್ದೀಯ ಎಂದು ನೋಡಿಕೋ ಎನ್ನುವ ಕಟ್ಟುನಿಟ್ಟು ಅದರಲ್ಲಿದೆ. ಹರಕೆಯ ಲೋಕದಲ್ಲಿ ನಿಂತು ಹರಕೆಯನ್ನೇ ಪ್ರಶ್ನಿಸುವ ಮಾತು ಅದು. ಹತಾರದ ಮಟ್ಟಿಗಂತೂ ಅದು ಅಕ್ಷರಶಃ ಸತ್ಯ: ಮಸೆದಷ್ಟೇ ಕುಡುಗೋಲು ಕೊಯ್ಯುತ್ತದೆ, ಬೆಣೆ ಹೊಡೆದಷ್ಟೇ ದಿನ ಗುದ್ದಲಿಯ ತಲೆ ನಿಲ್ಲುತ್ತದೆ. ಅಲ್ಲಿ ಕೃಪೆಗೆ ಜಾಗವಿಲ್ಲ, ಮೋಸಕ್ಕೂ ಇಲ್ಲ.

ಆದರೆ ಇದು ಬರೀ ವ್ಯಾಪಾರದ ಲೆಕ್ಕವಾಯಿತಲ್ಲ, ಇಷ್ಟು ಹಾಕಿದರೆ ಇಷ್ಟು ಬರುತ್ತದೆ ಎಂಬುದರಲ್ಲಿ ಧರ್ಮವೆಲ್ಲಿ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಕೆರೆಯಲ್ಲೇ ಇದೆ. ಕೆರೆ ಕಟ್ಟಿದವರು ತೀರಿಹೋದ ಮೇಲೂ ಏರಿ ಕುಸಿಯುತ್ತಲೇ ಇರುತ್ತದೆ, ಹೂಳು ತುಂಬುತ್ತಲೇ ಇರುತ್ತದೆ, ತೂಬು ಸೋರುತ್ತಲೇ ಇರುತ್ತದೆ. ನಮ್ಮ ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಕೆರೆ ಕಟ್ಟಿದವರಿಗೂ ದುರಸ್ತಿ ಮಾಡಿದವರಿಗೂ ದಶವಂದ, ಕೊಡಗೆ, ಬಿತ್ತುವಟ್ಟ ಎಂದು ಭೂಮಿ ಬಿಟ್ಟುಕೊಟ್ಟ ಶಾಸನಗಳು ಕರ್ನಾಟಕದ ಉದ್ದಗಲಕ್ಕೂ ಸಿಕ್ಕಿವೆ. ಹೂಳೆತ್ತುವ ಬಂಡಿಗಳ ಖರ್ಚಿಗೆಂದೇ ದತ್ತಿ ಇಟ್ಟ ಶಾಸನಗಳೂ ಇವೆ. ಅಂಥ ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳಲ್ಲಿ ಒಂದು ತೀರ ಪ್ರಸಿದ್ಧ. ದಾನ ಕೊಡುವುದು, ಕೊಟ್ಟ ದಾನವನ್ನು ಕಾಪಾಡುವುದು ಎರಡರಲ್ಲಿ ಕಾಪಾಡುವುದೇ ಮೇಲು, ಕೊಟ್ಟವನಿಗೆ ಸ್ವರ್ಗ ಸಿಕ್ಕರೆ ಕಾಪಾಡಿದವನಿಗೆ ಅದಕ್ಕಿಂತ ಎತ್ತರದ ಅಚ್ಯುತಪದ ಸಿಗುತ್ತದೆ ಎಂಬುದು ಅದರ ತಾತ್ಪರ್ಯ. ಶಾಸನ ಓದುವವರು ಇದನ್ನು ಮಾಮೂಲಿ ಒಕ್ಕಣೆಯೆಂದು ದಾಟಿ ಮುಂದೆ ಹೋಗುತ್ತಾರೆ. ಮುಂದಿನ ಅರಸರು ದತ್ತಿಯನ್ನು ಕಿತ್ತುಕೊಳ್ಳದಿರಲೆಂದು ಹೂಡಿದ ಉಪಾಯ ಅದೆಂಬುದೂ ಸುಳ್ಳಲ್ಲ. ಆದರೂ ನನಗೆ ಅದು ಕನ್ನಡ ನಾಡಿನ ನೀತಿಚಿಂತನೆಯ ದೊಡ್ಡ ನಿಲುವುಗಳಲ್ಲಿ ಒಂದಾಗಿ ಕಾಣುತ್ತದೆ, ಏಕೆಂದರೆ ಆ ಮೇಲು ಕೀಳಿನ ತೀರ್ಮಾನಕ್ಕೆ ಬಲವಾದ ಕಾರಣವಿದೆ. ಕೊಡುವವನು ಒಮ್ಮೆ ಕೊಡುತ್ತಾನೆ, ಅವನ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಕಾಪಾಡುವವನು ಪ್ರತಿದಿನ ಕೊಡುತ್ತಾನೆ, ಅವನ ಹೆಸರು ಎಲ್ಲಿಯೂ ಇರುವುದಿಲ್ಲ. ಏರಿಯ ಬಿರುಕನ್ನು ಹೊತ್ತಿಗೆ ಸರಿಯಾಗಿ ಮುಚ್ಚಿದ ನೀರಗಂಟಿಯ ಕೆಲಸ ಕಾಣಿಸುವುದು ಅದು ನಿಂತುಹೋದಾಗ ಮಾತ್ರ. ಚೂಪಾದ ಕೊಡಲಿ ಮರ ಕಡಿದವನನ್ನು ತೋರಿಸುತ್ತದೆಯೇ ಹೊರತು ಮಸೆದವನನ್ನು ತೋರಿಸುವುದಿಲ್ಲ. ‘ನಾನು ಮಾಡಿದೆ’ ಎಂಬ ಮಾತಿಗೆ ಎಡೆಯೇ ಇಲ್ಲದ ಕೆಲಸ ಪಾಲನೆ. ಅಹಂಕಾರ ಕಳೆಯಬೇಕೆಂದು ಎಲ್ಲ ಮತಗಳೂ ಉಪದೇಶಿಸುತ್ತವೆ. ಉಪದೇಶವೇ ಇಲ್ಲದೆ ಅದನ್ನು ಕಲಿಸುವ ಶಾಲೆ ಹಿತ್ತಲಿನ ಮಸೆಗಲ್ಲು.

ಈ ಸೀಮೆಗೆ ಇದು ಹೊಸ ಪಾಠವಲ್ಲ. ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳ ಹಿಂಡುಗಳಿವೆ. ಅವುಗಳ ಹೆಗಲಿಗೆ ನೊಗ ಏರುವುದಿಲ್ಲ. ಹಬ್ಬದ ದಿನ ಅವಕ್ಕೆ ಪೂಜೆ ಉಂಟು, ಮೆರವಣಿಗೆ ಉಂಟು. ಆದರೆ ವರ್ಷದ ಉಳಿದ ದಿನಗಳಲ್ಲಿ ಆ ದೈವಸೇವೆ ಎಂದರೆ ಕಿಲಾರಿ ಅವನ್ನು ಮೇಯಿಸುವುದು, ನೀರು ಕುಡಿಸುವುದು, ಗಾಯಕ್ಕೆ ಮದ್ದು ಹಚ್ಚುವುದು, ಬರ ಬಂದಾಗ ಮೇವಿಗಾಗಿ ಅಲೆಯುವುದು. ಕಿಲಾರಿಯ ಕೆಲಸವನ್ನು ಪೂಜೆಗೆ ಪೂರ್ವಸಿದ್ಧತೆ ಎಂದು ಯಾರೂ ಎಣಿಸುವುದಿಲ್ಲ, ಅದೇ ಸೇವೆ. ಅಡುಗೆಮನೆಯಲ್ಲಂತೂ ಈ ತಿಳಿವು ಇನ್ನೂ ಹಳೆಯದು. ಮೊರದ ಹೆಣಿಗೆ ಬಿಡದಿರಲೆಂದು ನೆನೆಸಿದ ಮೆಂತ್ಯ ರುಬ್ಬಿ ಬಳಿದು ಒಣಗಿಸುವುದು, ಒರಳು ನುಣ್ಣಗಾದರೆ ಕಲ್ಲುಕುಟಿಗರಿಂದ ಕುಟ್ಟಿಸುವುದು, ಈಳಿಗೆಮಣೆಯ ಅಲಗನ್ನು ಹುಣಸೆಹುಳಿ ಹಾಕಿ ತಿಕ್ಕಿ ತಕ್ಷಣ ಒರೆಸಿಡುವುದು, ಪೊರಕೆಯನ್ನು ಕಾಲಲ್ಲಿ ದಾಟದಿರುವುದು. ಇದನ್ನೆಲ್ಲ ಮಾಡಿದ ಹೆಂಗಸರು ಯಾವ ತತ್ತ್ವವನ್ನೂ ಹೇಳಹೋಗಲಿಲ್ಲ. ಅವರ ಹತಾರಗಳನ್ನು ‘ಆಯುಧ’ ಎಂದು ಕರೆದು ಸಾಲಿನಲ್ಲಿ ಮೊದಲು ಕೂರಿಸಿದವರೂ ಕಡಿಮೆ. ಪೂಜೆ ಹೆಚ್ಚು ಪಡೆದ ಕತ್ತಿಗಳು ಅರಮನೆಯ ಗೋಡೆಗಳ ಮೇಲೆ ತುಕ್ಕು ಹಿಡಿದವು, ಪೂಜೆ ಕಡಿಮೆ ಪಡೆದ ಮೊರ ದಿನವೂ ಅಕ್ಕಿ ಹಸನು ಮಾಡಿತು. ಪಾಲನೆಗೆ ಪೂಜೆಯ ಆಸರೆ ಬೇಕೇಬೇಕು ಎನ್ನುವವರು ಈ ವ್ಯತ್ಯಾಸವನ್ನು ವಿವರಿಸಬೇಕು.

ಶರಣರ ಕಡೆಯಿಂದ ಬರುವ ಆಕ್ಷೇಪ ಗಂಭೀರವಾದದ್ದು. ಸ್ಥಾವರಕ್ಕೆ ಅಳಿವುಂಟು ಎಂದವರ ಪರಂಪರೆಯಲ್ಲಿ ಕಬ್ಬಿಣ ಕಟ್ಟಿಗೆಗೆ ಇಷ್ಟು ಗಮನ ಕೊಡುವುದು ಮೋಹವಲ್ಲವೆ? ಆದರೆ ಅದೇ ಪರಂಪರೆ ತನ್ನವರನ್ನು ಅವರ ಹತಾರಗಳೊಡನೆಯೇ ನೆನಪಿಟ್ಟುಕೊಂಡಿತು. ಬಾಚಿಕಾಯಕದ ಬಸವಯ್ಯ, ಕದಿರ ರೆಮ್ಮವ್ವೆ, ಹಡಪದ ಅಪ್ಪಣ್ಣ. ರೆಮ್ಮವ್ವೆ ತನ್ನ ರಾಟೆಯ ಒಂದೊಂದು ಭಾಗದಲ್ಲಿ ಒಂದೊಂದು ದೈವವನ್ನು ಕಂಡಳು. ಅಡಿಹಲಗೆ ಯಾವುದು, ಬೊಂಬೆ ಯಾವುದು, ಯಾವುದು ಅಲ್ಲಾಡಿದರೆ ನೂಲು ಕಡಿಯುತ್ತದೆ ಎಂದು ಬೆರಳ ತುದಿಯಲ್ಲಿ ಬಲ್ಲವಳಿಗೆ ಮಾತ್ರ ಹಾಗೆ ಕಾಣಲು ಸಾಧ್ಯ. ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನ ಕಥೆ ಇನ್ನೂ ದಿಟ್ಟವಾದದ್ದು. ಕೆಲಸದ ನಡುವೆ ಇಷ್ಟಲಿಂಗ ನೀರಿಗೆ ಜಾರಿ ಬಿದ್ದರೂ ಆತ ಕಾಯಕ ಬಿಡಲಿಲ್ಲ, ಲಿಂಗವೇ ಅವನ ಬೆನ್ನು ಹತ್ತಿ ಬಂತು ಎನ್ನುತ್ತದೆ ಶೂನ್ಯಸಂಪಾದನೆ. ಇದೇ ಜಿಲ್ಲೆಯ ಹೊಳಲ್ಕೆರೆ ತಾಲೂಕಿನ ನುಲೇನೂರು ಅವನ ನೆನಪನ್ನು ಇಂದಿಗೂ ಇಟ್ಟುಕೊಂಡಿದೆ. ಇವರಲ್ಲಿ ಯಾರೂ ವಸ್ತುಮೋಹಿಗಳಲ್ಲ. ಮೋಹವನ್ನು ಹುಡುಕಬೇಕಾದ್ದು ಬೇರೆ ಕಡೆ. ಹಿತ್ತಲಲ್ಲಿ ನಾಲ್ಕು ಸಾಲು ಸೊಪ್ಪು ಬೆಳೆಯಲೆಂದು ಹೊಸ ಹೊಸ ಸಲಕರಣೆ ತರಿಸಿ, ಅವು ಡಬ್ಬದಲ್ಲೇ ಕೂತಿದ್ದರೂ ಇನ್ನೊಂದಕ್ಕೆ ಕೈಚಾಚುವ ಹಂಬಲದಲ್ಲಿ ಮೋಹವಿದೆ. ಪಾಲಿಸುವವನಿಗೆ ಹತಾರದ ಕೊನೆ ಗೊತ್ತು, ಏಕೆಂದರೆ ಮಸೆದಾಗಲೆಲ್ಲ ಅಲಗು ಒಂದು ಎಳೆಯಷ್ಟು ಸವೆಯುತ್ತದೆ. ಚೆನ್ನಾಗಿ ನೋಡಿಕೊಂಡ ಕುಡುಗೋಲು ಒಂದು ದಿನ ಬೆರಳಗಲದ ಕಬ್ಬಿಣವಾಗಿ ಮುಗಿಯುತ್ತದೆ. ಅದು ತೀರಲೆಂದೇ, ಆದರೆ ದುಡಿದು ತೀರಲೆಂದು ಅದನ್ನು ನೋಡಿಕೊಳ್ಳುತ್ತೇವೆ. ಕೋಸಂಬಿಯ ಅರಸ ಉದಯನ, ಭಿಕ್ಷುಗಳಿಗೆ ಇಷ್ಟೊಂದು ಬಟ್ಟೆ ಏಕೆಂದು ಕೇಳಿದಾಗ ಆನಂದ ಕೊಟ್ಟ ಉತ್ತರ ಬೌದ್ಧರ ವಿನಯಪಿಟಕದಲ್ಲಿದೆ: ಹರಿದ ಚೀವರ ಹಾಸಿಗೆಯ ಹೊದಿಕೆಯಾಗುತ್ತದೆ, ಅದು ಹಳತಾದರೆ ನೆಲಹಾಸು, ಆಮೇಲೆ ಕಾಲೊರಸು, ಆಮೇಲೆ ಧೂಳೊರಸುವ ಬಟ್ಟೆ, ಕಡೆಗೆ ಮಣ್ಣಿನಲ್ಲಿ ಕಲಸಿ ನೆಲ ಸಾರಿಸಲಿಕ್ಕೆ. ಎಲ್ಲವನ್ನೂ ತೊರೆದವರೇ ವಸ್ತುವನ್ನು ಇಷ್ಟು ಜತನವಾಗಿ ಬಳಸಿದರು ಎಂಬುದು ನೆನಪಿಡತಕ್ಕದ್ದು.

ಬೌದ್ಧರ ಮಾತು ಬಂದ ಮೇಲೆ ಬ್ರಹ್ಮಗಿರಿಯನ್ನು ಬಿಡಲಾಗದು. ಮೊಳಕಾಲ್ಮೂರು ತಾಲೂಕಿನ ಈ ಬೆಟ್ಟದಲ್ಲೂ ನೆರೆಯ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಬಿ. ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆಮಾಡಿದರು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಧರ್ಮಗುಣಗಳು ಅಲ್ಲಿವೆ. ಆ ಪಟ್ಟಿಯಲ್ಲಿ ಹತಾರದ ಸುದ್ದಿಯಿಲ್ಲ. ಇಲ್ಲಿಂದಲೇ ಎರಡನೆಯ ಆಕ್ಷೇಪ ಏಳುತ್ತದೆ: ಧರ್ಮ ಜೀವಕ್ಕೆ ಸಂಬಂಧಿಸಿದ್ದು, ಕಬ್ಬಿಣಕ್ಕೆ ನೋವಿಲ್ಲ, ನೋವಿಲ್ಲದ್ದಕ್ಕೆ ಎಂಥ ಋಣ? ಒಪ್ಪುತ್ತೇನೆ, ಗುದ್ದಲಿಗೆ ನೋವಿಲ್ಲ. ಆದರೆ ನೊಗದ ಒಳಮೈ ಒರಟಾಗಿದ್ದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಪ್ರಾಣಿದಯೆಯನ್ನು ಕಲ್ಲಿನ ಮೇಲೆ ಓದಿ ತಲೆದೂಗಿದವನು ಮನೆಗೆ ಬಂದು ನೊಗವನ್ನು ಹತ್ತರಿ ಹೊಡೆದು ನಯಮಾಡದಿದ್ದರೆ ಅವನ ದಯೆ ಎತ್ತನ್ನು ಮುಟ್ಟುವುದೇ ಇಲ್ಲ. ಮೊಂಡು ಮಚ್ಚು ಹೆಚ್ಚು ಬಲ ಕೇಳುತ್ತದೆ, ಹೆಚ್ಚು ಬಲ ಹಾಕಿದಾಗ ಜಾರುತ್ತದೆ, ಜಾರಿದಾಗ ಸಿಗುವುದು ಕೈಯೋ ಕಾಲೋ. ಸಡಿಲವಾದ ಕೊಡಲಿ ಪಕ್ಕದಲ್ಲಿ ನಿಂತವನ ಪಾಲಿಗೆ ಆಯುಧವೇ ಸರಿ. ಸೋರುವ ಔಷಧಿ ಪಂಪು ಹೊತ್ತವಳ ಬೆನ್ನ ಮೇಲೆ ವಿಷ ಸುರಿಸುತ್ತದೆ. ಹತಾರಕ್ಕೆ ಸಲ್ಲಿಸುವ ಸೇವೆ ಹತಾರದಲ್ಲಿ ನಿಲ್ಲದೆ, ಅದರಾಚೆ ಇರುವ ಮೈಗಳನ್ನು ತಲುಪುತ್ತದೆ. ಹಿಂದಕ್ಕೂ ತಲುಪುತ್ತದೆ: ಅದಿರು ತೆಗೆದವರು, ಕುಲುಮೆಯ ಮುಂದೆ ಬೆಂದವರು, ಕಾವಿಗೆ ಮರ ಕೊಟ್ಟ ನೆಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯನ್ನು ಅಗೆದಾಗ ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು ಸಿಕ್ಕವು. ಅನಂತರದ ಬೃಹತ್‌ಶಿಲಾ ಸಮಾಧಿಗಳಲ್ಲಿ ಕಬ್ಬಿಣದ ಸಾಮಾನುಗಳನ್ನು ಸತ್ತವರ ಜೊತೆ ಇಟ್ಟಿದ್ದರು. ಕಲ್ಲಿನ ಕೊಡಲಿಗೆ ಅಂಚು ಬರಲು ಗಂಟೆಗಟ್ಟಲೆ ಉಜ್ಜಬೇಕು, ಮುಕ್ಕಾದರೆ ಮತ್ತೆ ಉಜ್ಜಬೇಕು. ಅಶೋಕನ ಧರ್ಮಲಿಪಿ ಈ ಬಂಡೆಗಳಿಗೆ ಬರುವ ಮೊದಲೇ, ಈ ನೆಲದ ಜನ ಇರುವುದನ್ನು ಮತ್ತೆ ಮತ್ತೆ ಹದಕ್ಕೆ ತರುವ ಅಭ್ಯಾಸದಲ್ಲಿದ್ದರು. ಧರ್ಮಲಿಪಿಯನ್ನು ಕೊರೆದ ಉಳಿಯನ್ನೂ ಯಾರೋ ಮೇಲಿಂದ ಮೇಲೆ ಚೂಪು ಮಾಡಿರಲೇಬೇಕು. ಬಂಡೆಗಲ್ಲು ಉಳಿಯನ್ನು ಬೇಗ ಮೊಂಡು ಮಾಡುತ್ತದೆ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಜಾತಿಯದು. ಹತಾರವನ್ನು ಹೊಗಳುವವರು ಸಾಮಾನ್ಯವಾಗಿ ಅದನ್ನು ಹಿಡಿಯದವರು. ಉಳಿ, ಮಗ್ಗ, ರಂಪಿಗೆಗಳು ನಮ್ಮಲ್ಲಿ ಕೌಶಲದ ಗುರುತುಗಳಾಗಿದ್ದವು, ಹುಟ್ಟಿನ ಸಂಕೋಲೆಗಳೂ ಆಗಿದ್ದವು. ರಂಪಿಗೆ ಹಿಡಿದವನ ಮಗ ರಂಪಿಗೆಯನ್ನೇ ಹಿಡಿಯಬೇಕಿತ್ತು. ಅದನ್ನು ಮಸೆಯುವುದರಲ್ಲಿ ಅವನಿಗೆ ಮೋಕ್ಷ ಕಾಣು ಎಂದು ಉಪದೇಶಿಸುವುದು ಕ್ರೌರ್ಯ. ಅರಮನೆಯ ನವರಾತ್ರಿಯಲ್ಲಿ ಕತ್ತಿಗೆ ಆರತಿ ಎತ್ತಿದವರು ಬೇರೆ, ಅದನ್ನು ಉಜ್ಜಿ ಹೊಳೆಯಿಸಿದವರು ಬೇರೆ. ಈ ಆಕ್ಷೇಪಕ್ಕೆ ಹಾರಿಕೆಯ ಉತ್ತರ ಸಲ್ಲದು. ಪಾಲನೆಯ ಧರ್ಮ ಒಂದು ಜಾತಿಗೆ ಅಥವಾ ಹೆಂಗಸರಿಗೆ ಒಪ್ಪಿಸಿಬಿಟ್ಟ ಕರ್ತವ್ಯವಾದರೆ ಅದು ಧರ್ಮವೇ ಅಲ್ಲ. ಬಳಸಿದವನೇ ಒರೆಸಿಡಬೇಕು ಎಂಬ ನಿಯಮವಾದಾಗ ಮಾತ್ರ ಅದಕ್ಕೆ ಬೆಲೆ. ಹಿತ್ತಲಿನ ಕೆಲಸ ಈ ಕಾರಣಕ್ಕೇ ನನಗೆ ಮುಖ್ಯವಾಗಿ ಕಾಣುತ್ತದೆ. ಸಂಬಳದ ಕೆಲಸದಲ್ಲಿರುವ ಮಾಸ್ತರರೋ ಬ್ಯಾಂಕಿನವರೋ ಅವರೆ ಚಪ್ಪರಕ್ಕೆ ತಾವೇ ಗುಣಿ ತೋಡಿ, ಗಳು ನೆಟ್ಟು, ತಂತಿ ಬಿಗಿದು, ಸಂಜೆ ಹಾರೆಯನ್ನೂ ಇಕ್ಕಳವನ್ನೂ ತಾವೇ ಒರೆಸಿ ಎತ್ತಿಟ್ಟಾಗ ಹತಾರಕ್ಕೂ ಹುಟ್ಟಿಗೂ ಇದ್ದ ನಂಟು ಒಂದಿಷ್ಟು ಸಡಿಲಗೊಳ್ಳುತ್ತದೆ. ಒಂದು ಚಪ್ಪರದಿಂದ ಜಾತಿ ಹೋಗುವುದಿಲ್ಲ. ಆದರೆ ತಾನು ಮೊಂಡು ಮಾಡಿದ್ದನ್ನು ಇನ್ನೊಬ್ಬರು ಚೂಪು ಮಾಡಲಿ ಎಂದು ಕಾಯುವ ಮನಸ್ಸೇ ಜಾತಿಯ ಬೇರುಗಳಲ್ಲಿ ಒಂದು. ಆ ಮನಸ್ಸಿಗೆ ಮಸೆಗಲ್ಲಿನ ಮುಂದೆ ಕೂತು ಅಭ್ಯಾಸವಾಗಬೇಕು. ಕೂಲಿಗೆ ಬಂದವರ ಕೈಗೆ ಮೊಂಡು ಕುಡುಗೋಲು ಕೊಟ್ಟು ಸಂಜೆ ಕೆಲಸ ಕಡಿಮೆಯಾಯಿತೆಂದು ಕೂಲಿ ಹಿಡಿಯುವವನು ಹೊರಮಠಕ್ಕೆ ಹೋಗಿ ಕೈಮುಗಿದರೆ, ಅಲ್ಲಿ ಅವನಿಗೆ ಕೇಳಬೇಕಾದ ಮಾತು ಯಾವುದೆಂದು ಎಲ್ಲರಿಗೂ ಗೊತ್ತಿದೆ.

ಹೊಸದೇ ಅಗ್ಗವಾಗಿ ಸಿಗುವಾಗ ಹಳತನ್ನು ಸವರುತ್ತ ಕೂರುವುದು ಕಾಲಹರಣ ಎಂಬ ವಾದವನ್ನು ಆಧುನಿಕತೆಯ ಹೆಸರಿನಲ್ಲಿ ಮಂಡಿಸಲಾಗುತ್ತದೆ. ಆಧುನಿಕತೆ ಏನು ಹೇಳುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ನಾಯಕನಹಟ್ಟಿಯ ಹತ್ತಿರದ ಕಾವಲಿನಲ್ಲಿ 2017ರಲ್ಲಿ ಉದ್ಘಾಟನೆಯಾದ ವೈಮಾನಿಕ ಪರೀಕ್ಷಾ ಕೇಂದ್ರವಿದೆ. (ಆ ಹುಲ್ಲುಗಾವಲನ್ನು ಕಳೆದುಕೊಂಡ ದನಗಾಹಿಗಳು, ಕುರಿಗಾಹಿಗಳ ಪ್ರಶ್ನೆ ಬೇರೆಯದೇ, ಅದು ತೀರಿದ ಪ್ರಶ್ನೆಯೂ ಅಲ್ಲ.) ಅಲ್ಲಿನ ರನ್‌ವೇ ಮೇಲೆ ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಮೂರು ಸಲ ಇಳಿಸಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. ಹೆಲಿಕಾಪ್ಟರು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದನ್ನು ಬಿಟ್ಟಿತು, ಅದು ತಾನಾಗಿ ದಾರಿ ಹಿಡಿದು ಬಂದು ನೆಲ ಮುಟ್ಟಿತು. ಮೊದಲ ಸಲ ಇಳಿದ ರೆಕ್ಕೆಯ ದೇಹ ಮತ್ತು ಹಾರಾಟದ ವ್ಯವಸ್ಥೆಗಳನ್ನೇ ತಪಾಸಣೆ ಮಾಡಿ ಎರಡನೆಯ ಸಲ ಬಳಸಿದರು, ಎರಡನೆಯ ಸಲದವನ್ನು ಯಾವ ಬದಲಾವಣೆಯೂ ಇಲ್ಲದೆ ಮೂರನೆಯ ಸಲ ಬಳಸಿದರು. ಒಮ್ಮೆ ಹಾರಿಸಿ ಬಿಸಾಡುವುದು ದುಬಾರಿ ಎಂದು ಕಂಡುಕೊಂಡ ತಂತ್ರಜ್ಞಾನ, ತಪಾಸಣೆ ಮಾಡಿ ಮತ್ತೆ ಬಳಸುವ ಶಿಸ್ತಿಗೆ ಮರಳುತ್ತಿದೆ. ಹಿತ್ತಲಿನವನು ಮಾತ್ರ ಬೆಣೆ ಸಡಿಲವಾದ ಗುದ್ದಲಿಯನ್ನು ಎಸೆಯುವುದೇ ಮುಂದುವರಿದ ಲಕ್ಷಣ ಎಂದುಕೊಂಡಿದ್ದಾನೆ. ನಂಬಿಕೆಯ ಲೋಕಕ್ಕೂ ತಪಾಸಣೆಯಿಂದ ವಿನಾಯಿತಿ ಇಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ತೇರು ಎಳೆಯುವಾಗಲೇ ಉರುಳಿಬಿತ್ತು. ಅಂಥ ಹೊತ್ತಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅಪಶಕುನದ್ದಲ್ಲ, ಅಚ್ಚು ಮತ್ತು ಗಾಲಿಯದು. ಫಾಲ್ಗುಣದಲ್ಲಿ ನಾಯಕನಹಟ್ಟಿಯ ದೊಡ್ಡ ತೇರು ಲಕ್ಷಾಂತರ ಜನರ ನಡುವೆ ಹೊರಡುವ ಮೊದಲು ಅದರ ಅಡಿ ತೂರಿ ಗಾಲಿಗಳನ್ನು ತಟ್ಟಿ ನೋಡುವ ಬಡಗಿಯ ಕೆಲಸ ನನ್ನ ಕಣ್ಣಿಗೆ ಅಂದಿನ ಮೊದಲ ಪೂಜೆ.

ಎಲ್ಲರೂ ತಾವೇ ರಿಪೇರಿಗೆ ಇಳಿದರೆ ಕಮ್ಮಾರ, ಬಡಗಿಗಳ ಹೊಟ್ಟೆಯ ಗತಿಯೇನು ಎಂಬ ಮಾತಿನಲ್ಲಿ ಕಾಳಜಿಯಿದೆ. ಆದರೆ ಕುಲುಮೆಗಳನ್ನು ಬಡವಾಗಿಸಿದ್ದು ಮನೆಯ ಅರ, ಮಸೆಗಲ್ಲುಗಳಲ್ಲ. ಮುರಿದರೆ ಎಸೆಯುವ ಅಗ್ಗದ ಸಾಮಾನು. ತಾನೇ ಮಸೆಯುವವನಿಗೆ ಒಳ್ಳೆಯ ಕಬ್ಬಿಣ ಯಾವುದು, ಕೆಟ್ಟದ್ದು ಯಾವುದು ಗೊತ್ತಾಗುತ್ತದೆ. ವಿದ್ಯುತ್ ಸಾಣೆಚಕ್ರಕ್ಕೆ ಒತ್ತಿ ಹಿಡಿದರೆ ಅಂಚು ಕಾದು ನೀಲಿ ತಿರುಗುತ್ತದೆ, ಕುಲುಮೆಯಲ್ಲಿ ಕೊಟ್ಟ ಹದ ಹೋಗುತ್ತದೆ ಎಂದು ಕಂಡವನಿಗೆ ಆ ಹದ ಕೊಟ್ಟವನ ವಿದ್ಯೆಯ ಮೇಲೆ ಗೌರವ ಹುಟ್ಟುತ್ತದೆ. ಕುಳ ಹಣಿಸಲು, ಕುಡುಗೋಲಿಗೆ ಕಕ್ಕು ಹಾಕಿಸಲು ಅವನು ಕುಲುಮೆಗೆ ಬಂದೇ ಬರುತ್ತಾನೆ, ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡುತ್ತಾನೆ. ಎಲ್ಲಿಯವರೆಗೆ ತನ್ನ ಕೈ, ಎಲ್ಲಿಂದ ಮುಂದೆ ಬಲ್ಲವರ ಕೈ ಎಂಬ ಗೆರೆಯನ್ನು ಎಳೆಯಲು ಮೊದಲು ತನ್ನ ಕೈ ಕೆಲಸದಲ್ಲಿ ಸೋತಿರಬೇಕು. ಮೊಳಕಾಲ್ಮೂರಿನ ಮಗ್ಗದ ಗುಣಿಯಲ್ಲಿ ಕಾಲಿಳಿಸಿ ಕೂತ ನೇಕಾರ ಎಳೆ ಕಡಿದರೆ ತಾನೇ ಕಟ್ಟುತ್ತಾನೆ, ಹಣಿಗೆ ಕೆಟ್ಟರೆ ಹಣಿಗೆ ಕಟ್ಟುವವರನ್ನು ಹುಡುಕುತ್ತಾನೆ.

ಈ ವಾದಕ್ಕೆ ನಿಜವಾಗಿ ತೊಡಕಾಗುವುದು ತೆರೆಯಲು ಬಾರದ ಯಂತ್ರ. ಇಂದಿನ ಹಿತ್ತಲಿಗೆ ಬ್ಯಾಟರಿಯ ಸಿಂಪರಣೆ ಪಂಪು, ಹುಲ್ಲು ಕತ್ತರಿಸುವ ಯಂತ್ರ, ರಂಧ್ರ ಕೊರೆಯುವ ಡ್ರಿಲ್ ಎಲ್ಲ ಬಂದಿವೆ. ಗಡುಸು ನೀರಿನ ಈ ಸೀಮೆಯಲ್ಲಿ ಉಪ್ಪು ಕಟ್ಟಿದ ಹನಿ ನೀರಾವರಿ ಪೈಪನ್ನು ಕೊನೆಯ ಬಿರಡೆ ತೆಗೆದು ತೊಳೆಯಬಹುದು, ಪಂಪಿನ ವಾಷರ್ ಬದಲಿಸಬಹುದು. ಆದರೆ ಅಂಟು ಹಾಕಿ ಮುಚ್ಚಿದ ಬ್ಯಾಟರಿ, ವಿಶೇಷ ಸ್ಕ್ರೂ ಜಡಿದ ಕವಚ, ಬಿಡಿಭಾಗವೇ ಸಿಗದ ಮಾದರಿ ಇವುಗಳ ಮುಂದೆ ಪಾಲಿಸುವ ಮನಸ್ಸಿದ್ದವನೂ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಇಲ್ಲಿ ಪಾಲನೆಯ ಹೊಣೆ ತಯಾರಕನ ಮೇಲೂ ಬೀಳುತ್ತದೆ. ಪಾಲಿಸಲಾಗದಂತೆ ತಯಾರಿಸಿ ಮಾರುವುದು, ಕೆರೆಯನ್ನು ತೂಬಿಲ್ಲದೆ ಕಟ್ಟಿ ದಾನವೆಂದು ಕಲ್ಲು ನೆಟ್ಟಂತೆ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆದು ಕೃಷಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ತಂದಿದೆ. ಅದು ಮಾಹಿತಿಯ ಮಟ್ಟವನ್ನು ದಾಟಿ ಕಾನೂನಿನ ಬಲ ಪಡೆಯಬೇಕು. ಅಲ್ಲಿಯವರೆಗೆ ಕೊಳ್ಳುವವನ ಕೈಯಲ್ಲಿ ಉಳಿಯುವುದು ಅಂಗಡಿಯಲ್ಲಿ ಕೇಳುವ ಪ್ರಶ್ನೆ. ಇದರ ಬ್ಯಾಟರಿ ಬೇರೆ ಸಿಗುತ್ತದೆಯೆ, ಅಲಗು ಬದಲಿಸಬಹುದೆ, ಬಿಚ್ಚಿದರೆ ಮತ್ತೆ ಕೂಡಿಸುವವರು ಚಳ್ಳಕೆರೆಯಲ್ಲಿ ಯಾರಿದ್ದಾರೆ? ಅಂಗಡಿಯವನಿಗೆ ಉತ್ತರ ತಿಳಿಯದಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಆ ಯಂತ್ರವನ್ನು ಅಲ್ಲಿಯೇ ಬಿಟ್ಟು ಬರಬೇಕು.